ಸಾಲ ಇರುವಾಗ ಮದುವೆಗೆ ಹೋಗುವುದು

2023ರ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ಚಿಕ್ಕಮ್ಮನ ಮಗನ ಮದುವೆ ಇತ್ತು. ಆ ಒಂದು ಮದುವೆಗೆ ನನಗೆ ಖರ್ಚಾದದ್ದು 7,850 ರೂಪಾಯಿ. ಅಕ್ಕತಂಗಿಯರೆಲ್ಲ ಒಂದೇ ಬಣ್ಣ ಉಡಬೇಕು ಎಂದು ತೆಗೆದ ಸೀರೆಗೆ 3,200. ರವಿಕೆ ಹೊಲಿಸಿದ್ದಕ್ಕೆ 750. ಮಲ್ಲಿಗೆ 400. ಮೇಕಪ್ ಮಾಡಿದವರಿಗೆ 900. ಮಂಗಳೂರಿನಿಂದ ಮಾಡಿಕೊಂಡು ಹೋದ ಕಾರಿನಲ್ಲಿ ನನ್ನ ಪಾಲು 600. ಎಲ್ಲರೂ ಸೇರಿ ಕೊಟ್ಟ ಉಂಗುರಕ್ಕೆ 2,000. ಹೆಚ್ಚಿನದ್ದೆಲ್ಲ ಕ್ರೆಡಿಟ್ ಕಾರ್ಡಿನಿಂದ ಹೋಯಿತು. ಮದುವೆ ಚೆನ್ನಾಗಿಯೇ ಆಯಿತು. ನಾನೂ ಖುಷಿಯಾಗಿಯೇ ಇದ್ದೆ.

ನನ್ನ ಸಂಬಳ ಆಗ ಕೈಗೆ ಸಿಗುತ್ತಿದ್ದದ್ದು 34,500. ಮಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಕಾವೂರಿನಲ್ಲಿ ಬಾಡಿಗೆ ಮನೆ. ಮನೆಯಲ್ಲಿ ನಾನು ಮತ್ತು ಅಮ್ಮ. 2022ರಲ್ಲಿ ಅಮ್ಮನಿಗೆ ಒಂದು ಆಪರೇಷನ್ ಆಯಿತು. ವಿಮೆಯಿಂದ ಸಿಕ್ಕಿದ್ದು ಸ್ವಲ್ಪ, ಉಳಿದದ್ದಕ್ಕೆ ಕಾರ್ಡ್ ಉಜ್ಜಿದೆ. ಸಹಕಾರಿ ಸೊಸೈಟಿಯಲ್ಲಿ ನನ್ನ ಚಿನ್ನದ ಸರ ಅಡವಿಟ್ಟು 80,000 ತೆಗೆದೆ. ಆಫೀಸಿನ ಗೆಳತಿಯೊಬ್ಬಳಿಂದ 20,000 ಕೈಸಾಲ. ಆಪರೇಷನ್ ಚೆನ್ನಾಗಿ ಆಯಿತು, ಅಮ್ಮ ಚೇತರಿಸಿಕೊಂಡರು. ಆ ಖರ್ಚಿನ ಬಗ್ಗೆ ನನಗೆ ಇವತ್ತಿಗೂ ಒಂದು ಚೂರು ಬೇಸರ ಇಲ್ಲ.

ಬೇಸರ ಆದದ್ದು ಅದಾದ ಒಂದು ವರ್ಷದ ಮೇಲೆ. ಜೂನ್ ತಿಂಗಳ ಕಾರ್ಡಿನ ಬಿಲ್ ಬಂತು. ಬಾಕಿ 1,18,000. ಹಿಂದಿನ ವರ್ಷ ಅದೇ ಹೊತ್ತಿಗೆ 96,000 ಇತ್ತು. ನಡುವಿನ ಹನ್ನೆರಡು ತಿಂಗಳು ನಾನು ತಪ್ಪದೆ 6,500ರಂತೆ ಕಟ್ಟಿದ್ದೆ. ಒಟ್ಟು 78,000 ಕಟ್ಟಿಯೂ ಸಾಲ 22,000 ಜಾಸ್ತಿ ಆಗಿತ್ತು. ಬೇರೆಯವರ ಲೆಕ್ಕ ನೋಡಿಯೇ ಹೊಟ್ಟೆ ಹೊರೆಯುವವಳು ನಾನು. ಆ ರಾತ್ರಿ ಅನ್ನ ಇಳಿಯಲಿಲ್ಲ.

ಕೂತು ಬಿಡಿಸಿ ನೋಡಿದೆ. ನನ್ನ ಕಾರ್ಡಿಗೆ ತಿಂಗಳಿಗೆ ಶೇ. 3.5 ಬಡ್ಡಿ. ವರ್ಷಕ್ಕೆ ಶೇ. 42 ಆಯಿತು. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. 1,18,000ಕ್ಕೆ ಬಡ್ಡಿ 4,130, ಜಿಎಸ್‌ಟಿ 743, ಎರಡೂ ಸೇರಿ ತಿಂಗಳಿಗೆ 4,873. ನಾನು ಕಟ್ಟುವ 6,500ರಲ್ಲಿ ಅಸಲಿಗೆ ಹೋಗುವುದು 1,627 ಮಾತ್ರ. ಇನ್ನೊಂದು ವಿಷಯ ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ನಲವತ್ತೈದು ದಿನ, ಐವತ್ತು ದಿನ ಬಡ್ಡಿ ಇಲ್ಲ ಎನ್ನುತ್ತಾರಲ್ಲ, ಅದು ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ. ಬಾಕಿ ಉಳಿಸಿಕೊಂಡವರು ಹೊಸದಾಗಿ ಏನು ತೆಗೆದುಕೊಂಡರೂ ಆ ದಿನದಿಂದಲೇ ಬಡ್ಡಿ ಶುರು. ಪುತ್ತೂರಿನ ಮದುವೆಯ ಸೀರೆಗೂ ಅಂಗಡಿಯಿಂದ ಹೊರಗೆ ಬರುವ ಮೊದಲೇ ಬಡ್ಡಿ ಶುರುವಾಗಿತ್ತು.

ಆಮೇಲೆ ಏಪ್ರಿಲ್, ಮೇ, ಜೂನ್ ಮೂರು ತಿಂಗಳ ಖರ್ಚು ಬರೆದೆ. ಫೋನಿನ ಮೆಸೇಜು, ಬ್ಯಾಂಕಿನ ಪುಸ್ತಕ, ನೆನಪು, ಮೂರನ್ನೂ ಸೇರಿಸಿ. ಬಾಡಿಗೆ, ಅಕ್ಕಿ, ಮೀನು, ಗ್ಯಾಸು, ಔಷಧಿ, ಬಸ್ಸು ಎಲ್ಲ ಬಿಟ್ಟು, ಜನರ ಜೊತೆ ಇರಲಿಕ್ಕೆ ಎಂದು ಆದ ಖರ್ಚು ಮಾತ್ರ. ಐದು ಮದುವೆಗೆ 16,900. ಹೋಟೆಲು, ಬೀಚು, ಐಸ್‌ಕ್ರೀಮು, ಸಿನಿಮಾ 7,300. ಗೃಹಪ್ರವೇಶ, ನಾಮಕರಣದ ಉಡುಗೊರೆ 3,000. ಆಫೀಸಿನ ಬರ್ತ್‌ಡೇ, ಬೀಳ್ಕೊಡುಗೆ 2,700. ದೇವಸ್ಥಾನದ್ದು, ಯುವಕ ಮಂಡಲದ್ದು ಎಂದು ಮನೆಗೆ ಬಂದ ರಶೀದಿ 1,500. ಒಟ್ಟು 31,400. ತಿಂಗಳಿಗೆ ಹತ್ತು ಸಾವಿರ ದಾಟಿತು. ಮನೆ ಬಾಡಿಗೆಯೇ 9,000.

ಪುಸ್ತಕ ಮುಚ್ಚಿ ಒಂದು ನಿರ್ಧಾರ ಮಾಡಿದೆ. ಇನ್ನು ಎಲ್ಲಿಗೂ ಹೋಗುವುದಿಲ್ಲ. ಅದು ತಪ್ಪು ನಿರ್ಧಾರ. ಆದರೆ ಶುರುವಿನಲ್ಲಿ ಅದು ತಪ್ಪು ಎಂದು ಗೊತ್ತಾಗಲೇ ಇಲ್ಲ. ಕಾರಣ, ಅದು ಜುಲೈ ತಿಂಗಳು. ನಮ್ಮ ಊರಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ದೈವಗಳ ಕೋಲ, ನೇಮ, ಯಕ್ಷಗಾನದ ಬಯಲಾಟ ಎಲ್ಲ ನಿಲ್ಲುತ್ತದೆ. ಜುಲೈ, ಆಗಸ್ಟಿನಲ್ಲಿ ಬರುವ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ಹೊರಗೆ ಬಿಡದೆ ಮಳೆ. ಯಾರೂ ಎಲ್ಲಿಗೂ ಕರೆಯದ ತಿಂಗಳಿನಲ್ಲಿ ಎಲ್ಲಿಗೂ ಹೋಗದೆ ಕೂತದ್ದು ದೊಡ್ಡ ಸಾಧನೆ ಎಂದುಕೊಂಡಿದ್ದೆ. ಗೆಳತಿಯರು ಮೂರು ಸಲ ಕರೆದಾಗ ಮೂರು ಸುಳ್ಳು ಹೇಳಿದೆ. ಒಮ್ಮೆ ಜ್ವರ. ಒಮ್ಮೆ ಅಮ್ಮನಿಗೆ ಹುಷಾರಿಲ್ಲ. ಒಮ್ಮೆ ಆಫೀಸಿನಲ್ಲಿ ಆಡಿಟ್. ಆ ತಿಂಗಳು ಕಾರ್ಡಿಗೆ 4,000 ಜಾಸ್ತಿ ಕಟ್ಟಿದೆ.

ಆಗಸ್ಟ್ ಕೊನೆಯ ಒಂದು ಭಾನುವಾರ ಗೆಳತಿಯರು ಮಲ್ಪೆಗೆ ಹೊರಟರು. ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ. ಹೋದೆ. ಅಷ್ಟು ದಿನ ತಪ್ಪಿಸಿಕೊಂಡದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಮೀನೂಟ ಮುಗಿದು ಬಿಲ್ ಬಂದ ಕೂಡಲೇ, "ಇವತ್ತಿನದ್ದು ನನ್ನದು" ಎಂದು ಐದು ಜನರ ಊಟಕ್ಕೂ ನಾನೇ ಕಾರ್ಡ್ ಕೊಟ್ಟೆ. 3,400 ರೂಪಾಯಿ. ಒಂದು ತಿಂಗಳು ಮನೆಯಲ್ಲಿ ಕೂತು ಉಳಿಸಿದ್ದರಲ್ಲಿ ಹೆಚ್ಚಿನದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಪಡುಬಿದ್ರಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕಣ್ಣೊರೆಸಿಕೊಂಡೆ.

ಅಮ್ಮನಿಗೆ ಅವತ್ತೇ ರಾತ್ರಿ ಹೇಳಿದೆ. ಅಷ್ಟು ದಿನ ಅವರಿಗೆ ಕಾರ್ಡಿನ ಬಾಕಿ ಎಷ್ಟೆಂದು ಗೊತ್ತಿರಲಿಲ್ಲ. ತಮ್ಮ ಆಪರೇಷನ್ನಿನಿಂದ ಹೀಗಾಯಿತು ಎಂದು ನೊಂದುಕೊಳ್ಳುತ್ತಾರೆ ಎಂದು ನಾನೇ ಮುಚ್ಚಿಟ್ಟಿದ್ದೆ. ಅಮ್ಮ ಏನೂ ಮಾತಾಡದೆ ಎದ್ದು ಹೋಗಿ ಕಪಾಟು ತೆಗೆದರು. ಚಿನ್ನದ ಅಂಗಡಿಯವರು ಕೊಡುವ ಕೆಂಪು ಬಣ್ಣದ ಸಣ್ಣ ಪರ್ಸ್. ಒಳಗೆ ಎರಡು ಬಳೆ, ಎರಡೂ ಸೇರಿ ಮೂರು ಪವನ್, ಎಂದರೆ 24 ಗ್ರಾಂ. ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿ ಉಳಿಸಿದ ದುಡ್ಡಿನವು.

"ಸೊಸೈಟಿಯಲ್ಲಿ ಬಡ್ಡಿ ಎಷ್ಟು?" ಎಂದು ಕೇಳಿದರು.

"ನೂರಕ್ಕೆ ಹನ್ನೊಂದು. ವರ್ಷಕ್ಕೆ."

"ಇದಕ್ಕೆ?"

"ನಲವತ್ತೆರಡು. ಮೇಲೆ ಟ್ಯಾಕ್ಸು."

"ಮತ್ತೆ ಎಂತ ನೋಡುದು? ತೆಕ್ಕೊಂಡು ಹೋಗು."

ಬಳೆಗೆ 90,000 ಸಿಕ್ಕಿತು. ಮರುದಿನವೇ ಕಾರ್ಡಿಗೆ ಕಟ್ಟಿದೆ. ಆ 90,000ಕ್ಕೆ ಕಾರ್ಡಿನಲ್ಲಿ ತಿಂಗಳಿಗೆ 3,717 ಹೋಗುತ್ತಿತ್ತು. ಸೊಸೈಟಿಯಲ್ಲಿ 825. ಹಾಗೆಂದು ಎಲ್ಲರೂ ಹೀಗೆ ಮಾಡಿ ಎಂದು ನಾನು ಹೇಳಲಾರೆ. ಚಿನ್ನ ಇಟ್ಟ ಮೇಲೆ ಅದೇ ಕಾರ್ಡನ್ನು ಮತ್ತೆ ಉಜ್ಜಿದರೆ ಎರಡು ಸಾಲ ತಲೆ ಮೇಲೆ ಬರುತ್ತದೆ, ಕಟ್ಟಲಾಗದಿದ್ದರೆ ಚಿನ್ನ ಏಲಂಗೆ ಹೋಗುತ್ತದೆ. ಅದಕ್ಕೇ ಆ ದಿನ ಕಾರ್ಡನ್ನು ಪರ್ಸಿನಿಂದ ತೆಗೆದು ಅಮ್ಮನ ಕೈಗೆ ಕೊಟ್ಟೆ. ಫೋನಿನಲ್ಲಿ, ಆ್ಯಪುಗಳಲ್ಲಿ ಅದರ ನಂಬರ್ ಎಲ್ಲೆಲ್ಲಿ ಇತ್ತೋ ಎಲ್ಲ ಕಡೆಯಿಂದಲೂ ಅಳಿಸಿದೆ. ನವೆಂಬರಿನಲ್ಲಿ ಉಳಿದ ಬಾಕಿಯೂ ಮುಗಿಯಿತು, ಕಾರ್ಡನ್ನೇ ಬಂದ್ ಮಾಡಿಸಿದೆ.

ಬಳೆ ಅಡವಿಟ್ಟ ಮೇಲೆ ತಿಂಗಳ ಲೆಕ್ಕ ಹೊಸದಾಗಿ ಹಾಕಿದೆ. ಮನೆ ಖರ್ಚು, ಬಾಡಿಗೆ, ಔಷಧಿ ಎಲ್ಲ ಕಳೆದು ಉಳಿಯುವುದು 12,000. ಅಷ್ಟನ್ನೂ ಸಾಲಕ್ಕೆ ಕಟ್ಟುವ ಆಸೆ ಆಯಿತು. ಆದರೆ ಮಲ್ಪೆಯ ಬಿಲ್ ನೆನಪಿತ್ತು. ಜನರ ಖರ್ಚಿಗೆ ಸೊನ್ನೆ ಎಂದು ಬರೆದರೆ ಅದು ಸೊನ್ನೆಯಾಗಿ ಉಳಿಯುವುದಿಲ್ಲ, ಒಂದಲ್ಲ ಒಂದು ದಿನ ಕಟ್ಟೆ ಒಡೆಯುತ್ತದೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. 10,000 ಸಾಲಕ್ಕೆ, 2,000 ಜನರಿಗೆ ಎಂದು ಬರೆದೆ. ಆ 2,000ವನ್ನು ಮತ್ತೆ ಎರಡು ಮಾಡಿದೆ. 750 ತಿಂಗಳ ಸಣ್ಣಪುಟ್ಟದ್ದಕ್ಕೆ, 1,250 ಮದುವೆ ಸೀಸನ್ನಿಗೆ.

750ನ್ನು ಸಂಬಳದ ದಿನವೇ ನೋಟಿನಲ್ಲಿ ತೆಗೆದು ಬಳೆಯ ಖಾಲಿ ಪರ್ಸಿಗೆ ಹಾಕಿದೆ. ಹೋಟೆಲು, ಐಸ್‌ಕ್ರೀಮು, ಆಫೀಸಿನ ಕೇಕು, ಎಲ್ಲ ಅದರಿಂದಲೇ. ಸ್ಕ್ಯಾನ್ ಮಾಡುವಾಗ ಹಣ ಹೋದದ್ದು ಕೈಗೆ ಗೊತ್ತಾಗುವುದಿಲ್ಲ. ಪರ್ಸಿನ ಜಿಪ್ ಎಳೆದು, ಕೊನೆಯ ನೂರರ ನೋಟು ತೆಗೆಯುವಾಗ ಗೊತ್ತಾಗುತ್ತದೆ. ಮೊದಲ ತಿಂಗಳು ಹದಿನೇಳನೇ ತಾರೀಕಿಗೇ ಖಾಲಿ ಆಯಿತು. ಎರಡನೇ ತಿಂಗಳು ಇಪ್ಪತ್ತಮೂರಕ್ಕೆ. ಆಮೇಲಾಮೇಲೆ ತಿಂಗಳ ಕೊನೆಗೆ ಐವತ್ತು, ಅರವತ್ತು ಉಳಿಯತೊಡಗಿತು.

1,250ಕ್ಕೆ ಪಿಗ್ಮಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದಿನಾ ಬಂದು ಹತ್ತು, ಇಪ್ಪತ್ತು, ಐವತ್ತು ಸಂಗ್ರಹಿಸಿಕೊಂಡು ಹೋಗುವ ಉಳಿತಾಯ. 1928ರಲ್ಲಿ ಇದನ್ನು ಶುರು ಮಾಡಿದ್ದು ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಅದರ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರ ಕಾಲದಲ್ಲಿ. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಸೊಸೈಟಿಗಳಲ್ಲಿ ಇನ್ನೂ ನಡೆಯುತ್ತಿದೆ. ಅಮ್ಮನ ಬಳೆ ಆದದ್ದೂ ಪಿಗ್ಮಿಯಿಂದಲೇ. ನಮ್ಮ ಆಫೀಸಿನ ಕೆಳಗಿನ ಅಂಗಡಿಗಳಿಗೆ ಒಬ್ಬರು ಪಿಗ್ಮಿಯವರು ದಿನಾ ಮಧ್ಯಾಹ್ನ ಬರುತ್ತಿದ್ದರು. ಅವರನ್ನು ಕರೆದು ದಿನಕ್ಕೆ 50 ಎಂದು ಬರೆಸಿದೆ. ತಿಂಗಳಿಗೆ ಇಪ್ಪತ್ತೈದು ಕೆಲಸದ ದಿನ ಎಂದರೆ 1,250. ಕೈಯಲ್ಲಿರುವ ಸಣ್ಣ ಮೆಷಿನ್ ಒತ್ತಿ ಅವರು ಚೀಟಿ ಹರಿದು ಕೊಡುತ್ತಾರೆ. ಅದರಲ್ಲಿ ಒಟ್ಟು ಮೊತ್ತ ಇರುತ್ತದೆ. 50, 100, 150. ಸಾಲದ ಲೆಕ್ಕದಲ್ಲಿ ಇಳಿಯುವುದನ್ನೇ ನೋಡಬೇಕಾದ ದಿನಗಳಲ್ಲಿ, ಏರುವ ಒಂದು ಅಂಕಿ ಇದೆ ಎನ್ನುವುದು ನನಗೆ ಬಹಳ ಧೈರ್ಯ ಕೊಟ್ಟಿತು. ಆರು ತಿಂಗಳಿಗೆ ಮೊದಲು ತೆಗೆದರೆ ನಮ್ಮ ಸೊಸೈಟಿಯಲ್ಲಿ ಕಮಿಷನ್ ಮುರಿದುಕೊಳ್ಳುತ್ತಾರೆ. ಅದರಿಂದಲೂ ಒಳ್ಳೆಯದೇ ಆಯಿತು. ಸುಮ್ನೆ ಕೈ ಹಾಕುವಂತಿಲ್ಲ.

ಲೆಕ್ಕ ಹಾಕುವುದು ಸುಲಭ. ಬಾಯಿ ಬಿಟ್ಟು ಹೇಳುವುದೇ ಕಷ್ಟ.

ಮೊದಲು ಗೆಳತಿಯರಿಗೆ ಹೇಳಬೇಕಿತ್ತು. ಮಳೆ ಕಡಿಮೆಯಾದ ಮೇಲೆ ಒಂದು ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟಿ ತಣ್ಣೀರುಬಾವಿಗೆ ಹೋದೆವು. ಗಾಳಿಮರದ ನೆರಳಿನಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದಾಗ ಹೇಳಿಬಿಟ್ಟೆ. ಎರಡು ಲಕ್ಷ ಹದಿನೆಂಟು ಸಾವಿರ ಸಾಲ ಉಂಟು. ತೀರಲಿಕ್ಕೆ ಎರಡು ವರ್ಷ ಬೇಕು. ಅಲ್ಲಿಯವರೆಗೆ ತಿಂಗಳಿಗೆ ಒಮ್ಮೆ ಮಾತ್ರ ಹೊರಗೆ ಊಟಕ್ಕೆ ಬರುತ್ತೇನೆ, ಅದೂ ಇನ್ನೂರು ರೂಪಾಯಿಯೊಳಗೆ. ಕಾಲೇಜಿನಿಂದಲೂ ಜೊತೆಗಿರುವವಳಿಗೆ ಸಿಟ್ಟು ಬಂತು.

"ಜ್ವರ ಅಂತ ಹೇಳಿದ್ದು ಸುಳ್ಳಾ? ಎಂತ ಮಾರಾಯ್ತಿ, ನಾನು ಕಷಾಯದ ಪುಡಿ ತಂದು ಕೊಟ್ಟಿದ್ದೆ ನಿಂಗೆ."

ಅವಳಿಗೆ ನೋವಾದದ್ದು ಸುಳ್ಳಿಗೆ. ಸಾಲದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಎರಡು ವಾರ ಫೋನ್ ಮಾಡಲಿಲ್ಲ. ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ತಿಂಗಳಿಗೊಮ್ಮೆ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಊಟ. ನಮ್ಮ ಮನೆಯ ಸರದಿ ಬಂದಾಗ ಅಮ್ಮ ನೀರುದೋಸೆ, ಬಂಗುಡೆ ಪುಳಿಮುಂಚಿ ಮಾಡಿದರು. ಆರು ಜನರ ಊಟಕ್ಕೆ ಆದ ಖರ್ಚು 460. ಮಲ್ಪೆಯಲ್ಲಿ ಒಬ್ಬರಿಗೇ ಅದಕ್ಕಿಂತ ಜಾಸ್ತಿ ಆಗಿತ್ತು. ಗೆಳತಿಯರಲ್ಲಿ ಒಬ್ಬಳು ಮಾತ್ರ ನಿಧಾನಕ್ಕೆ ದೂರವಾದಳು. ಅವಳಿಗೆ ಹೊರಗೆ ಹೋಗುವುದೇ ಇಷ್ಟ. ಈಗಲೂ ಎದುರು ಸಿಕ್ಕಿದರೆ ನಿಂತು ಮಾತಾಡುತ್ತೇವೆ. ಮೊದಲಿನಂತಿಲ್ಲ. ಆ ನಷ್ಟವನ್ನು ನಾನು ಯಾವ ಪುಸ್ತಕದಲ್ಲಿ ಬರೆಯಲಿ ಎಂದು ಇನ್ನೂ ಗೊತ್ತಾಗಿಲ್ಲ.

ಹೋಟೆಲಿಗೆ ಹೋದಾಗ ಬಿಲ್ಲನ್ನು ಸಮಪಾಲು ಮಾಡುವ ರೂಢಿ ಇದೆಯಲ್ಲ, ಅದಕ್ಕೂ ಒಂದು ಮಾತು ಕಲಿತೆ. ಕೂತ ಕೂಡಲೇ, ಇನ್ನೂ ಆರ್ಡರ್ ಕೊಡುವ ಮೊದಲೇ, "ನಂದೊಂದು ಬೇರೆ ಬಿಲ್ ಮಾಡಿ ಅಣ್ಣ" ಎನ್ನುವುದು. ತಿಂದು ಮುಗಿದ ಮೇಲೆ ಹೇಳಿದರೆ ಜಿಪುಣತನದ ಹಾಗೆ ಕೇಳಿಸುತ್ತದೆ. ಮೊದಲೇ ಹೇಳಿದರೆ ಯಾರೂ ತಲೆಯೇ ಕೆಡಿಸಿಕೊಳ್ಳುವುದಿಲ್ಲ. ಆಫೀಸಿನಲ್ಲಿಯೂ ಹೇಳಿದೆ. ಹದಿನೆಂಟು ಜನ ಇದ್ದೇವೆ, ಪ್ರತಿ ಬರ್ತ್‌ಡೇಗೂ ನೂರು ಎಂದರೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ನಮ್ಮ ಸೀನಿಯರ್ ಮೇಡಂ ಹತ್ತಿರ ಕೇಳಿದೆ. ತಿಂಗಳಿಗೆ ಒಂದೇ ಕೇಕ್, ಆ ತಿಂಗಳು ಹುಟ್ಟಿದವರೆಲ್ಲರಿಗೂ ಸೇರಿ ಎಂದು ಮೇಡಂ ಮಾಡಿಬಿಟ್ಟರು. ರಶೀದಿ ಪುಸ್ತಕ ಹಿಡಿದುಕೊಂಡು ಬರುವ ಹುಡುಗರಿಗೆ 501ರ ಬದಲು 101 ಬರೆಸಿದೆ. ಮೊದಲ ಸಲ ಪೆನ್ನು ಕೈಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. "ಆಯ್ತಕ್ಕ" ಎಂದು ಅವರು ಪಕ್ಕದ ಮನೆಗೆ ಹೋದರು. ಅಷ್ಟೇ.

ದುಡ್ಡಿಲ್ಲದೆ ಸಿಗುವ ಖುಷಿ ನಮ್ಮ ಊರಿನಲ್ಲಿ ಕಡಿಮೆ ಇಲ್ಲ ಎನ್ನುವುದು ನನಗೆ ಆ ಎರಡು ವರ್ಷಗಳಲ್ಲೇ ಗೊತ್ತಾದದ್ದು. ಅಷ್ಟಮಿ ಮರುದಿನ ಉಡುಪಿ ರಥಬೀದಿಯಲ್ಲಿ ವಿಟ್ಲಪಿಂಡಿ, ಎಂದರೆ ಮೊಸರುಕುಡಿಕೆ ಉತ್ಸವ ನೋಡಿ, ಮಠದಲ್ಲಿ ಊಟ ಮಾಡಿ ಬಂದೆವು. ಕುದ್ರೋಳಿಯ ದಸರಾಕ್ಕೆ ರಾತ್ರಿಯಿಡೀ ಮೆರವಣಿಗೆ ನೋಡಿದೆವು. ಹುಲಿವೇಷದ ತಾಸೆ ವಾದ್ಯದ ಬಡಿತಕ್ಕೆ ಕಾಲು ತಾನಾಗಿ ಕುಣಿಯುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ದೀಪಾವಳಿ ಕಳೆದ ಮೇಲೆ ಹರಕೆ ಬಯಲಾಟ ಎಲ್ಲಿ ಇದ್ದರೂ ಹೋಗಿ ಕೂರಬಹುದು. ಚಿಕ್ಕವಳಿದ್ದಾಗ ಅಮ್ಮನ ಮಡಿಲಲ್ಲಿ ನಿದ್ದೆ ಮಾಡುತ್ತಾ ನೋಡಿದ ಆಟವನ್ನು ಮೂವತ್ತು ದಾಟಿದ ಮೇಲೆ ಎಚ್ಚರವಾಗಿದ್ದು ನೋಡಿದೆ. ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯ ಬಾಯಮ್ಮ ಒಂದು ತಟ್ಟೆ ಕುಸ್ವಾರ್, ಎಂದರೆ ಕ್ರಿಸ್‌ಮಸ್ ತಿಂಡಿ ಕಳಿಸಿದರು. ಮೊದಲಾದರೆ ಪೇಟೆಯಿಂದ ಸ್ವೀಟ್ ಬಾಕ್ಸ್ ತರುತ್ತಿದ್ದೆ. ಆ ವರ್ಷ ಅಮ್ಮ ಚಕ್ಕುಲಿ ಮಾಡಿ ಅದೇ ತಟ್ಟೆಯಲ್ಲಿ ಕೊಟ್ಟರು.

ಎಡವಿದ್ದೂ ಉಂಟು. ಡಿಸೆಂಬರಿನಲ್ಲಿ ಒಬ್ಬ ಗೆಳತಿಯ ಮಗುವಿನ ನಾಮಕರಣ. ಮಗುವನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ, ಬೆಳ್ಳಿ ಗೆಜ್ಜೆ ತೆಗೆದೆ. 2,300. ಪರ್ಸಿನಲ್ಲಿ ಅಷ್ಟಿರಲಿಲ್ಲ, ಸಾಲದ 10,000ದಿಂದ ತೆಗೆದೆ. ಆ ತಿಂಗಳು 7,700 ಮಾತ್ರ ಕಟ್ಟಿದೆ. ಪುಸ್ತಕದಲ್ಲಿ "ಗೆಜ್ಜೆ" ಎಂದು ಬರೆದು, ಜನವರಿಯಲ್ಲಿ ಮತ್ತೆ ಹತ್ತಕ್ಕೆ ಬಂದೆ. ಹಿಂದೆ ಆಗಿದ್ದರೆ ಒಮ್ಮೆ ಲೆಕ್ಕ ತಪ್ಪಿತಲ್ಲ ಎಂದು ಇಡೀ ಪುಸ್ತಕವನ್ನೇ ಬಿಟ್ಟುಬಿಡುತ್ತಿದ್ದೆ.

ನಿಜವಾದ ಪರೀಕ್ಷೆ 2024ರ ಏಪ್ರಿಲ್, ಮೇ. ಏಳು ಮದುವೆ ಕಾಗದ ಬಂದವು. ಪಿಗ್ಮಿಯಲ್ಲಿ ಏಳು ತಿಂಗಳ 8,750 ಇತ್ತು. ಕಾಗದಗಳನ್ನು ಮೇಜಿನ ಮೇಲೆ ಹರಡಿ ಅಮ್ಮನೂ ನಾನೂ ಕೂತೆವು. ದೊಡ್ಡಮ್ಮನ ಮಗಳದ್ದು ಮತ್ತು ಕಾಲೇಜಿನ ಗೆಳತಿಯದ್ದು, ಇವೆರಡಕ್ಕೆ ತಲಾ 1,500. ಮೂರಕ್ಕೆ ಹೋಗಿ ತಲಾ 300ರ ಕವರ್. ಉಳಿದ ಎರಡು ಆಫೀಸಿನ ದೂರದ ಪರಿಚಯದವು. ಅವರಿಗೆ ಮೊದಲೇ ಫೋನ್ ಮಾಡಿ ಶುಭ ಹಾರೈಸುವುದು, ಆಮೇಲೆ ಎಂದಾದರೂ ಮನೆಗೆ ಹೋಗಿ ಬರುವುದು.

ದೊಡ್ಡಮ್ಮನ ಮನೆಯಲ್ಲಿ ಈ ಸಲವೂ ಅಕ್ಕತಂಗಿಯರಿಗೆ ಒಂದೇ ಬಣ್ಣ. ಪಿಸ್ತಾ ಹಸಿರು, 3,000 ರೂಪಾಯಿ. ಗುಂಪಿನಲ್ಲಿ ಮೆಸೇಜ್ ಬಂದ ದಿನವೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಗಂಟಲು ಒಣಗಿತ್ತು.

"ದೊಡ್ಡಮ್ಮ, ನಂಗೆ ಈ ಸಲ ಸೀರೆ ತೆಗೀಲಿಕ್ಕೆ ಆಗುದಿಲ್ಲ. ಸಾಲ ಉಂಟು."

"ಅಮ್ಮನ ಆಪರೇಷನಿದ್ದಾ?"

"ಹೌದು."

ಸ್ವಲ್ಪ ಹೊತ್ತು ಆಚೆಯಿಂದ ಮಾತಿಲ್ಲ. "ನಿನ್ನ ಅಮ್ಮನದ್ದು ಹಸಿರು ಸೀರೆ ಉಂಟಲ್ಲ, ಹಳೇದು, ನನ್ನ ತಮ್ಮನ ಮದುವೆಗೆ ಉಟ್ಟದ್ದು. ಅದನ್ನು ಉಟ್ಕೊಂಡು ಬಾ. ಮತ್ತೆ, ಉಡುಗೊರೆ ಬರೀಲಿಕ್ಕೆ ಜನ ಬೇಕು. ನೀನು ಲೆಕ್ಕದವಳಲ್ವಾ, ನೀನೇ ಕೂತ್ಕೋ."

ಅಮ್ಮನ ಸೀರೆ ಉಟ್ಟೆ. ರವಿಕೆ ಬಿಡಿಸಿ ಹೊಲಿಸಿದ್ದಕ್ಕೆ 200. ಮದುವೆ ಸೀಸನ್ನಿನಲ್ಲಿ ಶಂಕರಪುರ ಮಲ್ಲಿಗೆ ಅಟ್ಟೆಗೆ, ಎಂದರೆ ನಾಲ್ಕು ಚೆಂಡಿಗೆ, ಎರಡು ಸಾವಿರ ದಾಟುವುದುಂಟು. ಒಂದೇ ಚೆಂಡು ತಂದು ಅಮ್ಮನೂ ನಾನೂ ಹಂಚಿಕೊಂಡು ಮುಡಿದೆವು. ಎರಡು ಮದುವೆ ಪುತ್ತೂರಿನ ಕಡೆ ಇದ್ದವು, ಕಾರಿನ ಪಾಲಿಗೆ ಸೇರದೆ ಸರ್ಕಾರಿ ಬಸ್ಸಿನಲ್ಲಿ ಹೋದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟಿಗೆ ದುಡ್ಡಿಲ್ಲ. ಮಂಗಳೂರು ಪೇಟೆಯೊಳಗೆ ಹೆಚ್ಚಿನವು ಖಾಸಗಿ ಬಸ್ಸುಗಳೇ, ದಿನದ ಓಡಾಟಕ್ಕೆ ನನಗೆ ಅದರಿಂದ ಅಂಥಾ ಉಪಯೋಗ ಆಗಿರಲಿಲ್ಲ. ಪುತ್ತೂರಿಗೆ ಆಯಿತು.

ಆ ರಾತ್ರಿ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಚಾಪೆ ಹಾಕಿ ಕವರ್ ಒಡೆಯಲು ಕೂತೆವು. ಒಬ್ಬರು ಒಡೆದು ಹೆಸರು ಹೇಳುವುದು, ನಾನು ಬರೆಯುವುದು, ಭಾವ ಹಣ ಎಣಿಸುವುದು. ನನಗೆ ಇಷ್ಟು ವರ್ಷ ಇದ್ದ ಭಯ ಈ ಪುಸ್ತಕದ್ದೇ. ಎಲ್ಲರೂ ಸಾವಿರ ಕೊಡುತ್ತಾರೆ, ನನ್ನ ಹೆಸರಿನ ಎದುರು ಮಾತ್ರ ಸಣ್ಣ ಅಂಕಿ ಕಾಣುತ್ತದೆ ಎಂಬ ಭಯ. ಬರೆಯುತ್ತಾ ಹೋದೆ. 100. 200. 101. 500. 100. 200. ಅರ್ಧಕ್ಕಿಂತ ಜಾಸ್ತಿ ನೂರು, ಇನ್ನೂರರವೇ. ಕಾರಿನಲ್ಲಿ ಬಂದವರು, ದೊಡ್ಡ ಮನೆ ಇರುವವರು, ಅವರದ್ದೂ ಇನ್ನೂರು. ದೊಡ್ಡಮ್ಮ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದರು. ಅಂಕಿ ಹೇಳಿದಾಗ ಅವರು ತಲೆಯನ್ನೂ ಎತ್ತುತ್ತಿರಲಿಲ್ಲ. ಹೆಸರು ಹೇಳಿದಾಗ ಮಾತ್ರ, "ಓ, ಅವರು ಬಂದಿದ್ರಾ? ಮಂಡಿನೋವು ಅಂತ ಹೇಳಿದ್ರು, ಆದ್ರೂ ಬಂದ್ರಲ್ಲ" ಎನ್ನುತ್ತಿದ್ದರು. ಒಂದು ಕವರಿನಲ್ಲಿ ಐವತ್ತೊಂದು ರೂಪಾಯಿ ಇತ್ತು. ಹೆಸರು ಕೇಳಿ ದೊಡ್ಡಮ್ಮ ನೆಟ್ಟಗೆ ಕೂತರು. "ಅವರು ಊಟ ಮಾಡಿದ್ರಾ? ಯಾರಾದ್ರೂ ನೋಡಿದ್ರಾ?" ಎಂದು ಎರಡು ಸಲ ಕೇಳಿದರು.

ಮನೆಗೆ ಬಂದ ಮೇಲೂ ನನಗೆ ಆ ಪ್ರಶ್ನೆ ಕಿವಿಯಲ್ಲಿತ್ತು.

ಆ ಸೀಸನ್ನಿಗೆ ಒಟ್ಟು ಆದದ್ದು 5,050. ಪಿಗ್ಮಿಯಲ್ಲಿ 3,700 ಉಳಿಯಿತು, ಅದನ್ನು ಚೌತಿಗೆ, ಒಂದು ಗೃಹಪ್ರವೇಶಕ್ಕೆ ಇಟ್ಟುಕೊಂಡೆ. ಇದರ ನಡುವೆ ಸಾಲ ತನ್ನ ಪಾಡಿಗೆ ಇಳಿಯುತ್ತಿತ್ತು. ಕಾರ್ಡ್ ಮುಗಿದ ಮೇಲೆ ಗೆಳತಿಯ ಕೈಸಾಲ ಕೊಟ್ಟೆ. ಅದಕ್ಕೆ ಬಡ್ಡಿ ಇರಲಿಲ್ಲ. ಲೆಕ್ಕದ ಪ್ರಕಾರ ಕೊನೆಗೆ ಕೊಟ್ಟರೂ ನಡೆಯುತ್ತಿತ್ತು. ಆದರೆ ದಿನಾ ಎದುರು ಕೂತು ಟೀ ಕುಡಿಯುವವಳ ದುಡ್ಡು ಅದು. ಆ ವಿಷಯದಲ್ಲಿ ನಾನು ಲೆಕ್ಕದ ಮಾತು ಕೇಳಲಿಲ್ಲ, ಕೇಳಬಾರದು ಎಂದೇ ನನ್ನ ಅಭಿಪ್ರಾಯ.

ಆಮೇಲೆ ಚಿನ್ನ. ಬಳೆಯದ್ದು ಬೇರೆ, ಸರದ್ದು ಬೇರೆ ಸಾಲವಾಗಿ ಇದ್ದದ್ದು ಒಳ್ಳೆಯದಾಯಿತು. ಎರಡರ ಬಡ್ಡಿಯನ್ನೂ ಕಟ್ಟುತ್ತಾ, ಅಸಲಿಗೆ ಬಳೆಯ ಸಾಲಕ್ಕೇ ಹಾಕಿದೆ. ವರ್ಷ ತುಂಬಿದಾಗ ನವೀಕರಣ ಮಾಡಿಸಿಕೊಂಡೆ. 2024ರ ದೀಪಾವಳಿಗೆ ಮೊದಲು ಬೋನಸ್ 15,000 ಬಂತು, ಅದೇ ವಾರ ಬಳೆ ಬಿಡಿಸಿದೆ. ಸೊಸೈಟಿಯ ಮೇಜಿನ ಮೇಲೆ ತೂಕ ಮಾಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಕೊಟ್ಟರು. ನಾನು ಬ್ಯಾಗಿನಿಂದ ಕೆಂಪು ಪರ್ಸ್ ತೆಗೆದೆ. ಒಳಗೆ ಆ ತಿಂಗಳ ಉಳಿದ 140 ರೂಪಾಯಿ ಇತ್ತು. ಅದನ್ನು ಕಿಸೆಗೆ ಹಾಕಿಕೊಂಡು ಬಳೆಯನ್ನು ಅದರಲ್ಲಿಟ್ಟೆ. ಅಮ್ಮ ಪರ್ಸನ್ನು ಮೂಸಿ ನೋಡಿ, "ಚುರುಮುರಿದ್ದು ಪರಿಮಳ ಬರ್ತದೆ" ಎಂದರು. ಕೈಗೆ ಹಾಕಿಕೊಂಡು ಎರಡು ದಿನ ತೆಗೆಯಲೇ ಇಲ್ಲ. ಪಾತ್ರೆ ತೊಳೆಯುವಾಗಲೂ ಕೈಯಲ್ಲೇ ಇತ್ತು. ತಿಂಗಳ 750 ಈಗ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿದೆ.

ಸರ ಬಿಡಿಸಿದ್ದು 2025ರ ಜೂನ್ ಮೊದಲ ವಾರ. ಜೋರು ಮಳೆ. ಸೊಸೈಟಿಯಿಂದ ಸೀದಾ ಆಫೀಸಿಗೆ ಬಂದೆ. ಮಧ್ಯಾಹ್ನ ಪಿಗ್ಮಿಯವರು ಕೊಡೆ ಮಡಚಿ ಬಾಗಿಲಲ್ಲಿ ನಿಂತರು. ಸಾಲ ಮುಗಿಯಿತು ಎಂದು ಅವರಿಗೂ ಹೇಳಿದೆ. ಈ ಎರಡು ವರ್ಷ ನನ್ನ ಐವತ್ತು ರೂಪಾಯಿಗಾಗಿ ದಿನಾ ಮೆಟ್ಟಿಲು ಹತ್ತಿ ಬಂದವರು ಅವರು.

"ಹಾಗಾದ್ರೆ ಇದನ್ನು ನಿಲ್ಲಿಸುದಾ ಮೇಡಂ?"

"ಇಲ್ಲ. ನೂರು ಮಾಡಿ."

ಅವರು ಮೆಷಿನನ್ನು ಅಂಗಿಯ ತುದಿಯಿಂದ ಒರೆಸಿ, ನೂರು ಒತ್ತಿ, ಚೀಟಿ ಹರಿದು ಕೊಟ್ಟರು.